ಹೊರೆ ಅಳೆದರೆ ಸಾಲದು, ಕುದುರೆಯ ಮೈಯನ್ನೂ ಅಳೆಯಬೇಕು

ಮೈಸೂರಿನ ಟಾಂಗಾ ಕುದುರೆಗಳ ಮಾತು ಬಂದಾಗಲೆಲ್ಲ ಚರ್ಚೆ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ. ಗಾಡಿಯಲ್ಲಿ ಎಷ್ಟು ಜನ ಕೂತಿದ್ದರು? ಈ ಕಾಲದಲ್ಲೂ ಟಾಂಗಾ ಇರಬೇಕೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವಕ್ಕೂ ಮೊದಲು ಕೇಳಬೇಕಾದ ಇನ್ನೊಂದಿದೆ: ಈ ಗಾಡಿ ಈ ಕುದುರೆಗೆ ಹೊಂದುತ್ತದೆಯೇ, ಅದರ ಮೈಮೇಲೆ ಬಿಗಿದ ಪಟ್ಟಿಗಳು ಇರಬೇಕಾದ ಜಾಗದಲ್ಲಿವೆಯೇ? ಟಾಂಗಾ, ಜಟಕಾ ಎಳೆಯುವ ಪ್ರಾಣಿಗಳಲ್ಲಿ ಬಹಳಷ್ಟು ದೊಡ್ಡ ಕುದುರೆಗಳಲ್ಲ, ಗಿಡ್ಡ ತಳಿಯ ತಟ್ಟುಗಳು. ದೊಡ್ಡ ಕುದುರೆಯ ಅಳತೆಗೆ ಮಾಡಿದ ಗಾಡಿ, ಇನ್ನಾವುದೋ ಪ್ರಾಣಿಗೆ ಹೊಲಿದ ಸಜ್ಜು, ಸಿಕ್ಕಿದ ಹಗ್ಗ, ನೈಲಾನ್ ಪಟ್ಟಿ, ಹಳೆಯ ಟೈರಿನ ತುಂಡು ಎಲ್ಲ ಸೇರಿ ಒಂದು ತಟ್ಟಿನ ಮೈಮೇಲೆ ಏರಿದರೆ ಹೊರೆ ಎಷ್ಟೇ ಹಗುರಾಗಿದ್ದರೂ ಅದು ಹಿಂಸೆಯೇ. ಅದೇ ಪ್ರಾಣಿ ಹೊಂದುವ ಸಜ್ಜಿನಲ್ಲಿ ಅದಕ್ಕಿಂತ ಹೆಚ್ಚು ತೂಕವನ್ನು ನೋವಿಲ್ಲದೆ ಎಳೆಯಬಲ್ಲದು. ಆದ್ದರಿಂದ ಟಾಂಗಾಕ್ಕೆ ಪರವಾನಗಿ ಕೊಡುವವರು, ತಪಾಸಣೆ ಮಾಡುವವರು ತಲೆ ಎಣಿಸುವುದರ ಜೊತೆಗೆ ಗಾಡಿಯ ಸಮತೋಲ ಮತ್ತು ಸಜ್ಜಿನ ಅಳತೆಯನ್ನೂ ಕಡ್ಡಾಯವಾಗಿ ನೋಡಬೇಕು ಎಂಬುದು ಈ ಲೇಖನದ ವಾದ.

ಕಾನೂನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಅಡಿಯಲ್ಲಿ 1965ರಲ್ಲಿ ಭಾರ ಎಳೆಯುವ, ಭಾರ ಹೊರುವ ಪ್ರಾಣಿಗಳಿಗಾಗಿಯೇ ಪ್ರತ್ಯೇಕ ನಿಯಮಗಳು ಬಂದವು. ಎರಡು ಚಕ್ರದ ಗಾಡಿಗೆ ಗಾಳಿ ತುಂಬಿದ ಟೈರಿದ್ದರೆ ಕುದುರೆಗೆ 750 ಕಿಲೋ, ತಟ್ಟಿಗೆ 600 ಕಿಲೋ. ಅಂಥ ಟೈರಿಲ್ಲದಿದ್ದರೆ ಕ್ರಮವಾಗಿ 500 ಮತ್ತು 400 ಕಿಲೋ ಎಂದು ಅವು ಮಿತಿ ಹಾಕುತ್ತವೆ. ಗಾಡಿ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಕೂರುವಂತಿಲ್ಲ. ದಿನಕ್ಕೆ ಒಂಬತ್ತು ಗಂಟೆ ಮೀರಿ, ಬಿಡುವಿಲ್ಲದೆ ಐದು ಗಂಟೆ ಮೀರಿ ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟಿದ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಹೂಡುವಂತಿಲ್ಲ. ಇಷ್ಟು ಮಾತ್ರ ಹೇಳಿ ನಿಯಮಗಳು ಸುಮ್ಮನಾಗಿಲ್ಲ. ಮೈ ತರಚುವ, ಊದಿಸುವ, ನೋಯಿಸುವ ಮುಳ್ಳು, ಗುಬುಟು, ಚೂಪು ಇರುವ ಕಡಿವಾಣವನ್ನಾಗಲಿ ಸಜ್ಜನ್ನಾಗಲಿ ಬಳಸಬಾರದು ಎನ್ನುತ್ತವೆ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಎದ್ದಿರುವ ಎಲುಬಿನ ದಿಬ್ಬಕ್ಕೂ ಜೀನಿನ ಕಮಾನಿಗೂ ನಡುವೆ ಸಾಕಷ್ಟು ಅಂತರ ಇಲ್ಲದಂತೆ ಜೀನು ಕಟ್ಟಬಾರದು ಎಂದೂ ಸ್ಪಷ್ಟವಾಗಿ ಹೇಳುತ್ತವೆ. ಅಂದರೆ ಅಳತೆಯ ಪ್ರಶ್ನೆಯನ್ನು ಅರವತ್ತು ವರ್ಷಗಳ ಹಿಂದೆಯೇ ನಮ್ಮ ಕಾನೂನು ಗುರುತಿಸಿದೆ. ಆದರೂ ಬೀದಿಯಲ್ಲಿ ಜಾರಿಗೆ ಬರುವುದು ತಲೆ ಎಣಿಸುವ ನಿಯಮವೊಂದೇ. ರಸ್ತೆಯ ಆಚೆ ಬದಿಯಲ್ಲಿ ನಿಂತೂ ತಲೆ ಎಣಿಸಬಹುದು. ಜೀನಿನ ಅಡಿಗೆ ಕೈ ಹಾಕಬೇಕಾದರೆ ಕುದುರೆಯ ಹತ್ತಿರ ಹೋಗಬೇಕು, ಎಲ್ಲಿ ಕೈ ಹಾಕಬೇಕೆಂದು ತಿಳಿದಿರಬೇಕು.

ತಲೆ ಎಣಿಕೆ ಎಷ್ಟು ಮೋಸದ ಅಳತೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಎರಡು ಚಕ್ರದ ಗಾಡಿ ಎಂದರೆ ಅಚ್ಚಿನ ಮೇಲೆ ನಿಂತ ತಕ್ಕಡಿ. ಅಚ್ಚಿನ ಮುಂದಿರುವ ಭಾರ ಕುದುರೆಯ ಬೆನ್ನನ್ನು ಒತ್ತುತ್ತದೆ. ಹಿಂದಿರುವ ಭಾರ ಗಾಡಿಯ ಎರಡು ತೋಳುಗಳನ್ನು ಮೇಲಕ್ಕೆತ್ತಿ ಹೊಟ್ಟೆಪಟ್ಟಿಯನ್ನು ಬಿಗಿಯುತ್ತದೆ. ಮುಂಭಾರ, ಹಿಂಭಾರ ಎಂದು ಎತ್ತಿನ ಗಾಡಿಯವರು ದಿನನಿತ್ಯ ಆಡುವ ಮಾತು ಇದನ್ನೇ ಕುರಿತದ್ದು. ಹಿಂದಕ್ಕೂ ಮುಂದಕ್ಕೂ ಮುಖ ಮಾಡಿದ ಎರಡು ಆಸನಗಳ ಟಾಂಗಾ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬರಿಗಾಡಿಯ ತೂಕ ಅಚ್ಚಿನ ಮೇಲೆ ಸರಿಯಾಗಿ ಕೂತಿದೆ, ಒಬ್ಬೊಬ್ಬರ ತೂಕ 60 ಕಿಲೋ, ಅಚ್ಚಿನಿಂದ ಕುದುರೆಯ ಬೆನ್ನಿನ ಪಟ್ಟಿಗೆ 2 ಮೀಟರ್ ದೂರ ಎಂದುಕೊಳ್ಳಿ. ಗಾಡಿ ಹೊಡೆಯುವವನೂ ಇಬ್ಬರು ಪ್ರಯಾಣಿಕರೂ ಅಚ್ಚಿಗಿಂತ 35 ಸೆಂಟಿಮೀಟರ್ ಮುಂದೆ, ಇನ್ನಿಬ್ಬರು 50 ಸೆಂಟಿಮೀಟರ್ ಹಿಂದೆ ಕೂತಿದ್ದಾರೆ. ಆಗ ಐದು ಜನರ 300 ಕಿಲೋ ತೂಕದಲ್ಲಿ ಕುದುರೆಯ ಬೆನ್ನಿಗೆ ಬೀಳುವುದು ಬರೀ ಒಂದೂವರೆ ಕಿಲೋ. ಹಿಂದಿನ ಇಬ್ಬರು ಇಳಿದುಹೋದರು ಎನ್ನಿ. ನೋಡುವವರಿಗೆ ಗಾಡಿ ಹಗುರಾಯಿತು, ಕಾನೂನಿಗೂ ಸಮಾಧಾನ. ಕುದುರೆಯ ಬೆನ್ನಿನ ಮೇಲೆ ಮಾತ್ರ ಭಾರ ಸುಮಾರು 31 ಕಿಲೋಗೆ ಏರಿತು! ಬದಲಾಗಿ ಮುಂದಿನ ಪ್ರಯಾಣಿಕರಿಬ್ಬರು ಇಳಿದರೆ ಹತ್ತೊಂಬತ್ತು ಇಪ್ಪತ್ತು ಕಿಲೋ ಬಲ ಹೊಟ್ಟೆಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಜಗ್ಗುತ್ತದೆ. ಇದು ನಿಂತ ಗಾಡಿಯ ಲೆಕ್ಕ. ಹಂಪು, ಗುಂಡಿ ಬಂದಾಗ ಅದೇ ಭಾರ ಪೆಟ್ಟಾಗಿ ಬೀಳುತ್ತದೆ. ಗಾಡಿಯಿಂದ ಗಾಡಿಗೆ ಅಂಕಿ ಬೇರೆಯಾಗುತ್ತದೆ, ಅದರ ಹಿಂದಿನ ನಿಯಮ ಬೇರೆಯಾಗುವುದಿಲ್ಲ. ಸರಿಯಾಗಿ ತೂಗಿದ ಗಾಡಿಯಲ್ಲಿ ಜನ ಕೂತ ಮೇಲೆ ತೋಳುಗಳ ತುದಿಯನ್ನು ಕೆಲವೇ ಬೆರಳುಗಳಿಂದ ಎತ್ತಲು ಆಗಬೇಕು, ಅಷ್ಟೇ ಭಾರ ಬೆನ್ನಿಗೆ ಇರಬೇಕು. ಇದಕ್ಕೆ ಪರಿಹಾರವೂ ಕಷ್ಟದ್ದಲ್ಲ. ಆಸನವನ್ನು ಒಂದು ಗೇಣು ಹಿಂದೆ ಮುಂದೆ ಸರಿಸಿ ಕೀಲು ಹಾಕುವಂತೆ ಮಾಡಿದರೆ ಜನ ಹತ್ತಿ ಇಳಿದಂತೆ ಗಾಡಿಯನ್ನು ಮತ್ತೆ ತೂಗಿಕೊಳ್ಳಬಹುದು.

ಗಾಡಿಯ ಎತ್ತರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ನೆಲ ಸಮವಿರುವಲ್ಲಿ ತೋಳುಗಳು ನೆಲಕ್ಕೆ ಸಮಾಂತರವಾಗಿ ನಿಲ್ಲಬೇಕು. ದೊಡ್ಡ ಕುದುರೆಗೆಂದು ಮಾಡಿದ ಗಾಡಿಗೆ ಗಿಡ್ಡ ತಟ್ಟನ್ನು ಹೂಡಿದರೆ ತೋಳುಗಳು ಮುಂದಕ್ಕೆ ಇಳಿಜಾರಾಗುತ್ತವೆ, ಗಾಡಿಯ ಮೈ ಮೂಗು ಕೆಳಗೆ ಮಾಡಿ ನಿಲ್ಲುತ್ತದೆ. ಜನ ಕೂತ ಗಾಡಿಯ ತೂಕದ ಕೇಂದ್ರ ಅಚ್ಚಿಗಿಂತ ಮೇಲೆ ಇರುತ್ತದೆ. ಅದು 60 ಸೆಂಟಿಮೀಟರ್ ಮೇಲಿದೆ, ತೋಳು 2 ಮೀಟರ್ ಉದ್ದಕ್ಕೆ 20 ಸೆಂಟಿಮೀಟರ್ ತಗ್ಗಿದೆ ಎಂದರೆ ಆ 300 ಕಿಲೋ ಆರು ಸೆಂಟಿಮೀಟರ್ ಮುಂದೆ ಸರಿದಂತಾಯಿತು. ಬೆನ್ನಿಗೆ ಇನ್ನೂ ಒಂಬತ್ತು ಕಿಲೋ ಸೇರಿತು. ಹತ್ತಿದವರು, ಕೂತ ಜಾಗ ಯಾವುದೂ ಬದಲಾಗಿಲ್ಲ, ಕುದುರೆ ಗಿಡ್ಡವಾಯಿತು ಅಷ್ಟೆ. ಒಂದು ಗಾಡಿ ಎರಡು ಮೂರು ಕುದುರೆಗಳ ಆಯಸ್ಸಿಗೂ ಮೀರಿ ಬಾಳುವುದರಿಂದ, ಹಳೆಯ ಕುದುರೆ ಹೋಗಿ ಹೊಸದು ಬಂದಾಗ ಈ ತಪ್ಪು ಸದ್ದಿಲ್ಲದೆ ನಡೆದುಹೋಗುತ್ತದೆ. ತೋಳಿನ ಉದ್ದಕ್ಕೂ ಗಮನ ಬೇಕು. ತೀರ ಚಿಕ್ಕದಾದರೆ ಓಡುವಾಗ ಹಿಂಗಾಲು ಗಾಡಿಗೆ ಬಡಿಯುತ್ತದೆ. ತೀರ ಉದ್ದವಾದರೆ ತುದಿಗಳು ಹೆಗಲನ್ನು ದಾಟಿ ಚಾಚಿಕೊಂಡು, ತಿರುಗುವಾಗ ಕುತ್ತಿಗೆಯ ಪಕ್ಕಕ್ಕೆ ತಿವಿಯುತ್ತವೆ. ಎರಡು ತೋಳುಗಳ ನಡುವೆ ಮೈ ಆಡುವಷ್ಟು ಜಾಗವಿರಬೇಕು, ಅಲ್ಲಾಡುವಷ್ಟು ಇರಬಾರದು.

ಇನ್ನು ಎದೆಪಟ್ಟಿ. ಕುದುರೆ ಗಾಡಿಯನ್ನು ಎಳೆಯುತ್ತದೆ ಎನ್ನುತ್ತೇವೆ, ನಿಜದಲ್ಲಿ ಅದು ಎದೆಯ ಮೇಲಿನ ಪಟ್ಟಿಯನ್ನು ಮುಂದಕ್ಕೆ ತಳ್ಳುತ್ತದೆ. ಆ ಪಟ್ಟಿ ಕೂರಲು ಇರುವ ಜಾಗ ಬಹಳ ಇಕ್ಕಟ್ಟು. ಮೇಲೆ ಶ್ವಾಸನಾಳ ಎದೆಗೂಡಿನೊಳಗೆ ಇಳಿಯುವ ಕುಳಿ, ಕೆಳಗೆ ಮುಂದಕ್ಕೆ ಚಾಚಿಕೊಂಡ ಹೆಗಲ ಕೀಲು. ಪಟ್ಟಿ ಮೇಲೇರಿದರೆ ಉಸಿರು ಕಟ್ಟುತ್ತದೆ, ಕೆಳಗಿಳಿದರೆ ಪ್ರತಿ ಹೆಜ್ಜೆಗೂ ಹೆಗಲ ಕೀಲನ್ನು ತಡೆಯುತ್ತದೆ, ಚರ್ಮ ಸುಲಿಯುತ್ತದೆ. ಮನುಷ್ಯನಂತೆ ಕುದುರೆ ಬಾಯಿಯಿಂದ ಉಸಿರಾಡಲಾರದು, ಮೂಗೊಂದೇ ಅದಕ್ಕೆ ದಾರಿ. ಶ್ವಾಸನಾಳದ ಮೇಲೆ ಒತ್ತಡ ಬಿದ್ದರೆ ಆ ಒಂದು ದಾರಿಯೂ ಇಕ್ಕಟ್ಟಾಗುತ್ತದೆ. ತಟ್ಟಿನ ಮೈಯಲ್ಲಿ ಈ ಮೇಲು ಕೆಳಗಿನ ನಡುವಿನ ಜಾಗ ಇನ್ನೂ ಕಿರಿದು, ಅಲ್ಲಿ ಒಂದೆರಡು ಬೆರಳಿನಷ್ಟು ತಪ್ಪಿದರೂ ಎಣಿಕೆಗೆ ಬರುತ್ತದೆ. ಎದೆಪಟ್ಟಿಯನ್ನು ಎತ್ತಿ ಹಿಡಿಯುವ ಕುತ್ತಿಗೆಯ ಪಟ್ಟಿಗೆ ಬಕಲ್ಲಿನ ತೂತುಗಳು ಸಾಕಷ್ಟಿಲ್ಲದಿದ್ದರೆ ಅದನ್ನು ಸರಿಯಾದ ಎತ್ತರಕ್ಕೆ ತರುವ ದಾರಿಯೇ ಇಲ್ಲ. ಪಟ್ಟಿಯ ಅಗಲವೂ ಮುಖ್ಯ. ಒಂದೇ ಬಲ ಹತ್ತು ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಹರಡಿಕೊಂಡಾಗ ಚರ್ಮದ ಮೇಲಿನ ಒತ್ತಡ, ಐದು ಸೆಂಟಿಮೀಟರ್ ಪಟ್ಟಿಯದರ ಅರ್ಧಕ್ಕೆ ಇಳಿಯುತ್ತದೆ. ಹಗ್ಗಕ್ಕೆ ಅಗಲವೆಂಬುದೇ ಇಲ್ಲ. ನೈಲಾನ್ ಪಟ್ಟಿ ಅಗ್ಗ, ಗಟ್ಟಿ, ಮಳೆಗೆ ಕೊಳೆಯುವುದಿಲ್ಲ, ನಿಜ. ಆದರೆ ಅದರ ಅಂಚು ಚೂಪು, ಬೆವರು ಹೀರುವುದಿಲ್ಲ. ಅದರ ಅಡಿಗೆ ಹತ್ತಿ ಬಟ್ಟೆಯದೋ ಉಣ್ಣೆಯ ಕಂಬಳಿಯದೋ ಮೆತ್ತೆ ಹೊಲಿಯದೆ ಬರಿಮೈಗೆ ಕಟ್ಟುವುದು ತಪ್ಪು.

ಎಳೆಯುವ ಪ್ರಾಣಿಯ ಶಕ್ತಿಗೂ ಪಟ್ಟಿಯ ಜಾಗಕ್ಕೂ ಇರುವ ಸಂಬಂಧ ಇತಿಹಾಸಕಾರರನ್ನೂ ಕಾಡಿದೆ. ಫ್ರಾನ್ಸಿನ ನಿವೃತ್ತ ಅಶ್ವದಳದ ಅಧಿಕಾರಿ ಲಫೆಬ್ರ್ ದೆ ನೋಎತ್ 1924ರಲ್ಲಿ, ಮತ್ತೆ 1931ರಲ್ಲಿ ಬರೆದ ಪುಸ್ತಕಗಳಲ್ಲಿ, ಪ್ರಾಚೀನ ಗ್ರೀಕರು ಮತ್ತು ರೋಮನ್ನರ ಸಜ್ಜು ಕುದುರೆಯ ಗಂಟಲು ಒತ್ತುತ್ತಿತ್ತು, ಆದ್ದರಿಂದಲೇ ಅವರ ಕುದುರೆಗಳು ಭಾರ ಎಳೆಯಲಾರದೆ ಹೋದವು ಎಂದು ವಾದಿಸಿದ. ದಶಕಗಳ ಕಾಲ ಆ ಮಾತು ಪಾಠದಂತೆ ನಿಂತಿತು. ಅನಂತರ ಝಾಂ ಸ್ಪ್ರೂಯಿತ್ ಎಂಬ ಇನ್ನೊಬ್ಬ ಫ್ರೆಂಚ್ ಕುದುರೆ ಪರಿಣತ ಹಳೆಯ ಶಿಲ್ಪ, ಚಿತ್ರಗಳನ್ನು ನೋಡಿ ಅಂಥದೇ ಸಜ್ಜು ಮಾಡಿ, ಜೀವಂತ ಕುದುರೆಗಳಿಗೆ ತೊಡಿಸಿ, ಗಾಡಿ ಎಳೆಸಿ ನೋಡಿದ. 1977ರಲ್ಲಿ ಫಲಿತಾಂಶ ಪ್ರಕಟಿಸಿದ. ಪಟ್ಟಿಯನ್ನು ಸರಿಯಾದ ಜಾಗದಲ್ಲಿ ಕಟ್ಟಿದರೆ ಗಂಟಲು ಒತ್ತುವುದಿಲ್ಲ, ದೆ ನೋಎತ್ ತನ್ನ ಪ್ರಯೋಗದಲ್ಲಿ ಅದನ್ನು ತಪ್ಪಾದ ಜಾಗಕ್ಕೆ ಕಟ್ಟಿದ್ದ ಎಂಬುದು ಅವನ ವಾದ. ಇಬ್ಬರ ಜಗಳದಲ್ಲಿ ಯಾರ ಪಕ್ಷ ವಹಿಸಿದರೂ ನಮ್ಮ ವಿಷಯಕ್ಕೆ ಸಿಗುವ ಸಾಕ್ಷ್ಯ ಒಂದೇ. ಕೈಯಳತೆಯ ವ್ಯತ್ಯಾಸದಲ್ಲಿ ಅದೇ ಕುದುರೆ ಉಸಿರುಗಟ್ಟಿ ನಿಲ್ಲಲೂಬಹುದು, ಸಲೀಸಾಗಿ ಎಳೆಯಲೂಬಹುದು.

ಎದೆಪಟ್ಟಿಯಿಂದ ಗಾಡಿಗೆ ಹೋಗುವ ಎಳೆಪಟ್ಟಿಗಳು ಎಲ್ಲೂ ಬಾಗದೆ ನೇರವಾಗಿ ಸಾಗಬೇಕು. ಗಾಡಿಗೆ ಕಟ್ಟುವ ಕೊಕ್ಕೆ ತೀರ ಕೆಳಗಿದ್ದರೆ ಎದೆಪಟ್ಟಿ ಕೆಳಕ್ಕೆ ಜಗ್ಗಿ ಕುತ್ತಿಗೆಯ ಮೇಲೆ ಭಾರ ಬೀಳುತ್ತದೆ. ತೀರ ಮೇಲಿದ್ದರೆ ಪಟ್ಟಿ ಶ್ವಾಸನಾಳದತ್ತ ಏರುತ್ತದೆ. ಎರಡು ಕೊಕ್ಕೆಗಳನ್ನೂ ಗಾಡಿಯ ಚೌಕಟ್ಟಿಗೆ ಅಲುಗದಂತೆ ಬೆಸುಗೆ ಹಾಕಿಬಿಡುವುದು ಇನ್ನೊಂದು ತಪ್ಪು. ಕುದುರೆ ನಡೆಯುವಾಗ ಒಮ್ಮೆ ಎಡ ಹೆಗಲು, ಒಮ್ಮೆ ಬಲ ಹೆಗಲು ಮುಂದೆ ಹೋಗುತ್ತದೆ. ನಡುವೆ ಕೀಲಿನ ಮೇಲೆ ಆಡುವ ಅಡ್ಡಮರಕ್ಕೆ ಎಳೆಪಟ್ಟಿಗಳನ್ನು ಕಟ್ಟಿದರೆ ಪಟ್ಟಿ ಹೆಗಲಿನ ಜೊತೆಗೇ ಹಿಂದೆ ಮುಂದೆ ಹೋಗುತ್ತದೆ. ಅಡ್ಡಮರ ಆಡದಿದ್ದರೆ ಪಟ್ಟಿ ನಿಂತಲ್ಲೇ ನಿಂತು, ಹೆಗಲು ಅದರ ಅಡಿಯಲ್ಲಿ ಉಜ್ಜುತ್ತದೆ, ಸಾವಿರಾರು ಹೆಜ್ಜೆ. ಒಂದು ಮರದ ತುಂಡು, ಒಂದು ಬೋಲ್ಟು, ಎರಡು ಕೊಕ್ಕೆ ಸಾಕು ಇದನ್ನು ತಪ್ಪಿಸಲು.

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ ಎಂಬ ಮಾತು ಟಾಂಗಾದ ಚರ್ಚೆಯಲ್ಲಿ ಬರುವುದೇ ಇಲ್ಲ, ಇಲ್ಲಿಯೇ ತಟ್ಟುಗಳು ಹೆಚ್ಚು ನೋಯುತ್ತವೆ ಎಂದು ನನ್ನ ಅಭಿಪ್ರಾಯ. ಒಳ್ಳೆಯ ಡಾಂಬರು ರಸ್ತೆಯಲ್ಲಿ, ಗಾಳಿ ತುಂಬಿದ ಟೈರಿನ ಮೇಲೆ, 500 ಕಿಲೋ ಗಾಡಿಯನ್ನು ಉರುಳಿಸುತ್ತ ಹೋಗಲು ಹತ್ತು ಹದಿನೈದು ಕಿಲೋ ಬಲದ ಎಳೆತ ಸಾಕಾಗುತ್ತದೆ. 250 ಕಿಲೋ ತೂಗುವ ತಟ್ಟಿಗೆ ಅದು ಹೊರೆಯೇ ಅಲ್ಲ. ಆದರೆ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿರುವ ಅದೇ ಗಾಡಿಯನ್ನು, ಅಡ್ಡ ಬಂದ ಸ್ಕೂಟರ್ ನೋಡಿ, ಮೂರು ಸೆಕೆಂಡಿನಲ್ಲಿ ನಿಲ್ಲಿಸಬೇಕಾದರೆ ಮೂವತ್ತು ನಲವತ್ತು ಕಿಲೋ ಬಲದಷ್ಟು ತಳ್ಳಾಟವನ್ನು ಎಲ್ಲೋ ತಡೆಯಬೇಕು. ಹಳೆಯ ಮರದ ಚಕ್ರ ಒರಟು ರಸ್ತೆಯಲ್ಲಿ ತಾನೇ ವೇಗ ಕಳೆದುಕೊಳ್ಳುತ್ತಿತ್ತು. ಟೈರು, ಬೇರಿಂಗ್, ಡಾಂಬರು ಬಂದ ಮೇಲೆ ಎಳೆಯುವ ಕೆಲಸ ಹಗುರಾಯಿತು, ನಿಲ್ಲಿಸುವ ಕೆಲಸ ಭಾರವಾಯಿತು. ಗಾಡಿಗೆ ಬ್ರೇಕು ಇಲ್ಲದಿದ್ದರೆ ಈ ತಳ್ಳಾಟವನ್ನು ತಡೆಯಬೇಕಾದದ್ದು ಕುದುರೆಯ ಹಿಂಭಾಗವನ್ನು ಬಳಸಿ ಬರುವ ಅಗಲವಾದ ಹಿಂಪಟ್ಟಿ. ಪೃಷ್ಠದ ಎಲುಬಿನ ತುದಿಗಿಂತ ಸ್ವಲ್ಪ ಕೆಳಗೆ ಅದು ಕೂರಬೇಕು, ಎಳೆಯುವಾಗ ಅದಕ್ಕೂ ತೊಡೆಗೂ ನಡುವೆ ಒಂದು ಅಂಗೈ ತೂರುವಷ್ಟು ಸಡಿಲವಿರಬೇಕು. ಮೇಲೇರಿದರೆ ಬಾಲದ ಬುಡವನ್ನು ಎತ್ತುತ್ತದೆ. ತೀರ ಕೆಳಗಿಳಿದರೆ ಹಿಂಗಾಲುಗಳನ್ನೇ ಮುಂದಕ್ಕೆ ಜಾರಿಸುತ್ತದೆ. ಹಿಂಪಟ್ಟಿಯೇ ಇಲ್ಲದ, ಇದ್ದರೂ ಅಲಂಕಾರಕ್ಕೆ ಜೋತಾಡುವ ಸಜ್ಜಿನಲ್ಲಿ ಇಡೀ ಗಾಡಿಯ ನೂಕು ಬೆನ್ನಿನ ಜೀನಿಗೆ, ಜೀನಿನಿಂದ ಬಾಲದ ಅಡಿಯ ಪಟ್ಟಿಗೆ, ಲಗಾಮಿನ ಮೂಲಕ ಬಾಯಿಗೆ ಹೋಗುತ್ತದೆ. ಬಾಲದ ಅಡಿಯ ಚರ್ಮ ಎಷ್ಟು ಮೃದುವೆಂದು ಯೋಚಿಸಿದರೆ ಸಾಕು. ಬ್ರೇಕು ಇಲ್ಲದ ಗಾಡಿಗೆ ಹಿಂಪಟ್ಟಿ ಇಲ್ಲದೆ ಪ್ರಯಾಣಿಕರನ್ನು ಕೂರಿಸಲು ಅನುಮತಿ ಇರಲೇಬಾರದು; ಇದು ಕುದುರೆಯಷ್ಟೇ ಪ್ರಯಾಣಿಕರ ಜೀವದ ಪ್ರಶ್ನೆ.

ತಲೆಯ ಸಜ್ಜಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಟ್ಟಿನ ಬಾಯಿ ಕಿರಿದು. ದೊಡ್ಡ ಕುದುರೆಯ ಕಡಿವಾಣ ಹಾಕಿದರೆ ಅದು ಒಂದು ಪಕ್ಕಕ್ಕೆ ಜಾರಿ ತುಟಿಯ ಮೂಲೆಯನ್ನು ಸೀಳುತ್ತದೆ, ತೀರ ಬಿಗಿಯಾದದ್ದು ಕೆನ್ನೆಯನ್ನು ಹಿಂಡುತ್ತದೆ. ಕಣ್ಕಾಪು ಕಣ್ಣಿಗೆ ತಾಗಬಾರದು, ಕಣ್ಣು ಅದರ ನಡುಮಧ್ಯಕ್ಕೆ ಬರಬೇಕು. ಕುದುರೆ ಠೀವಿಯಿಂದ ಕಾಣಲೆಂದು ತಲೆಯನ್ನು ಎತ್ತಿ ಕಟ್ಟುವ ಬಿಗಿಪಟ್ಟಿಯ ವಿರುದ್ಧ ಇಂಗ್ಲೆಂಡಿನಲ್ಲಿ ಜನಾಭಿಪ್ರಾಯ ತಿರುಗಲು 1877ರಲ್ಲಿ ಬಂದ ಆನಾ ಸ್ಯೂಯೆಲ್‌ರ ‘ಬ್ಲ್ಯಾಕ್ ಬ್ಯೂಟಿ’ ಕಾದಂಬರಿ ಬಹಳ ಸಹಾಯ ಮಾಡಿತು. ಏರು ಹತ್ತುವಾಗ ಕುದುರೆ ತಲೆ ತಗ್ಗಿಸಿ ಮೈಭಾರವನ್ನು ಮುಂದಕ್ಕೆ ಹಾಕಬೇಕು. ತಲೆ ಕಟ್ಟಿದ ಕುದುರೆಗೆ ಅದು ಆಗುವುದಿಲ್ಲ. ಮದುವೆ ಮೆರವಣಿಗೆಯ ಸಾರೋಟುಗಳಲ್ಲಿ ಈ ಚಾಳಿ ಇನ್ನೂ ಕಂಡರೆ ಅದನ್ನು ಸೊಗಸು ಎಂದು ಕರೆಯುವುದನ್ನು ನಿಲ್ಲಿಸೋಣ.

ಇಷ್ಟೆಲ್ಲ ತಪ್ಪುಗಳಿಗೆ ಸಾಕ್ಷಿ ಕುದುರೆಯ ಮೈಮೇಲೆಯೇ ಬರೆದಿರುತ್ತದೆ. ಬೆನ್ನಿನ ದಿಬ್ಬದ ಮೇಲೆ ಹುಣ್ಣಿದ್ದರೆ ಜೀನಿನ ಕಮಾನು ತಗ್ಗು, ಇಲ್ಲವೇ ಗಾಡಿ ಮುಂಭಾರ. ಮೊಣಕೈಯ ಹಿಂದೆ ಹೊಟ್ಟೆಪಟ್ಟಿಯ ಜಾಗದಲ್ಲಿ ತರಚಿದ್ದರೆ ಗಾಡಿ ಹಿಂಭಾರ, ಇಲ್ಲವೇ ಪಟ್ಟಿ ಕಿರಿದು. ಹೆಗಲ ತುದಿಯಲ್ಲಿ ಗಾಯವಾದರೆ ಎದೆಪಟ್ಟಿ ಇಳಿದಿದೆ, ಇಲ್ಲವೇ ಅಡ್ಡಮರ ಆಡುತ್ತಿಲ್ಲ. ಬಾಲದ ಅಡಿಯ ಹುಣ್ಣು ಹಿಂಪಟ್ಟಿಯ ಕೊರತೆಯನ್ನು ಹೇಳುತ್ತದೆ. ಹಳೆಯ ಹುಣ್ಣು ವಾಸಿಯಾದ ಜಾಗದಲ್ಲಿ ಕಪ್ಪು, ಕಂದು ಕುದುರೆಗಳ ಮೈಯಲ್ಲಿ ಬಿಳಿ ಕೂದಲು ಹುಟ್ಟುತ್ತದೆ. ಮುಲಾಮು ಹಚ್ಚಿ ಮರೆಮಾಡಿದರೂ ಆ ಬಿಳಿ ಗುರುತು ವರ್ಷಗಟ್ಟಲೆ ಉಳಿಯುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತ, ಪಾಕಿಸ್ತಾನ, ಅಫ್ಘಾನಿಸ್ತಾನ, ಈಜಿಪ್ಟ್, ಜೋರ್ಡಾನ್ ಈ ಐದು ದೇಶಗಳ 4,903 ದುಡಿಯುವ ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಪರೀಕ್ಷಿಸಿತ್ತು. ಅದರಲ್ಲಿ ಮೈಮೇಲಿನ ಗಾಯ, ನಡಿಗೆಯ ದೋಷ, ಬಡಕಲುತನ ವ್ಯಾಪಕವಾಗಿ ಕಂಡುಬಂದವು. ಎಲ್ಲ ಗಾಯಕ್ಕೂ ಸಜ್ಜೇ ಕಾರಣ ಎಂದಲ್ಲ; ಬಡಕಲು ಕುದುರೆಯ ಎಲುಬಿನ ಮೇಲೆ ಮಾಂಸದ ಮೆತ್ತೆಯೇ ಇಲ್ಲದಿರುವಾಗ ಒಳ್ಳೆಯ ಸಜ್ಜೂ ಒತ್ತುತ್ತದೆ. ಆದರೆ ಪಟ್ಟಿ ಕೂರುವ ಜಾಗದಲ್ಲಿ, ಪಟ್ಟಿಯ ಆಕಾರದಲ್ಲಿಯೇ ಬಿದ್ದ ಗಾಯಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಗಾಯಗೊಂಡ ಪ್ರಾಣಿಯನ್ನು ದುಡಿಸುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಆ ಅಪರಾಧಕ್ಕೆ ಮಾಲೀಕನಿಗೆ ದಂಡ ಹಾಕಿ, ಅದೇ ಸಜ್ಜಿನಲ್ಲಿ ಕುದುರೆಯನ್ನು ಮನೆಗೆ ಕಳಿಸಿದರೆ ಮುಂದಿನ ವಾರ ಅದೇ ಜಾಗದಲ್ಲಿ ಹುಣ್ಣು ಬಾಯಿ ಬಿಡುತ್ತದೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಾಡಿ ಹೊಡೆಯುವವರಿಂದಲೇ: ತಲೆತಲಾಂತರದಿಂದ ಕುದುರೆ ಸಾಕಿದವರಿಗೆ ಓದಿದವರು ಬಂದು ಪಾಠ ಹೇಳಬೇಕೇ? ಈ ಅಸಮಾಧಾನದಲ್ಲಿ ಹುರುಳಿದೆ. ಜನ ಹತ್ತುತ್ತಿದ್ದಂತೆಯೇ ಯಾರು ಎಲ್ಲಿ ಕೂರಬೇಕು, ಯಾರು ಮುಂದೆ ಸರಿಯಬೇಕು ಎಂದು ಹೇಳುವ ಜಟಕಾದವನಿಗೆ ಮೇಲೆ ಬರೆದ ಲೆಕ್ಕ ಕಾಗದವಿಲ್ಲದೆಯೇ ಗೊತ್ತು. ಆದರೆ ಆ ಅರಿವು ಬೆಳೆದದ್ದು ಮರದ ಚಕ್ರ, ಚರ್ಮದ ಪಟ್ಟಿ, ಊರಿನಲ್ಲೇ ಇದ್ದ ಬಡಗಿ ಮತ್ತು ಚರ್ಮದ ಕೆಲಸಗಾರ, ಕುದುರೆಯನ್ನು ನಿಲ್ಲಿಸಿ ಅಳತೆ ತೆಗೆದು ಹೊಲಿದ ಸಜ್ಜು ಇವುಗಳ ಜೊತೆಯಲ್ಲಿ. ಟಾಂಗಾಗಳ ಸಂಖ್ಯೆ ಕುಸಿದಂತೆ ಆ ಕಸುಬುದಾರರೂ ಬೇರೆ ಕೆಲಸ ಹಿಡಿದರು. ಈಗ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕುವವನು ಕುದುರೆಯನ್ನು ನೋಡಿರುವುದಿಲ್ಲ. ಸಿದ್ಧ ಸಜ್ಜು ಬರುವುದು ಒಂದೇ ಅಳತೆಯಲ್ಲಿ. ಮಾಲೀಕನ ಅನುಭವ ಮಾಸಿಲ್ಲ, ಅದನ್ನು ಕಾರ್ಯಕ್ಕಿಳಿಸುವ ಕೈಗಳು ಸುತ್ತಮುತ್ತ ಇಲ್ಲವಾಗಿವೆ. ತಪಾಸಣೆ ಎಂದರೆ ಅವನ ಮೇಲೆ ಅಪನಂಬಿಕೆ ಎಂದು ಭಾವಿಸಬೇಕಿಲ್ಲ. ಕುದುರೆ ಒಗ್ಗಿಕೊಂಡಿದೆ, ಒದೆಯುವುದಿಲ್ಲ, ಅಂದಮೇಲೆ ನೋವಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಬೇಟೆಗೆ ಬಲಿಯಾಗುವ ಪ್ರಾಣಿಯಾಗಿ ವಿಕಾಸಗೊಂಡ ಕುದುರೆ ನೋವನ್ನು ಮರೆಮಾಚುತ್ತದೆ. ಹಿಂದಕ್ಕೆ ಬಿಗಿದ ಕಿವಿ, ಗಟ್ಟಿಯಾದ ದವಡೆ, ಸುಮ್ಮಸುಮ್ಮನೆ ಬಡಿಯುವ ಬಾಲ, ಜೀನು ತಂದಾಗ ಕಚ್ಚಲು ತಿರುಗುವ ತಲೆ, ಹೂಡಿದ ಮೇಲೆ ಹೊರಡಲು ಹಿಂಜರಿಯುವ ಕಾಲು, ಇವೇ ಅದರ ದೂರು. ಅದನ್ನು ಮೊಂಡುತನವೆಂದು ತಿಳಿದು ಚಾವಟಿ ಎತ್ತುವುದಕ್ಕಿಂತ ದೊಡ್ಡ ಅನ್ಯಾಯ ಇನ್ನಿಲ್ಲ.

ಎರಡನೆಯ ಆಕ್ಷೇಪ ಹಣದ್ದು. ದಿನದ ದುಡಿಮೆಯಲ್ಲಿ ಮೇವು, ಹುರುಳಿ, ಲಾಳಕ್ಕೇ ಸಾಲದವನು ಹೊಸ ಸಜ್ಜಿಗೆ ಎಲ್ಲಿಂದ ತರಬೇಕು? ನ್ಯಾಯವಾದ ಮಾತು. ಆದರೆ ಇಲ್ಲಿ ಹೇಳಿದ್ದರಲ್ಲಿ ಬಹುಪಾಲು ಕೊಳ್ಳುವ ಕೆಲಸವಲ್ಲ, ಸರಿಪಡಿಸುವ ಕೆಲಸ: ಪಟ್ಟಿಗೆ ಇನ್ನೆರಡು ತೂತು, ಅಡಿಗೆ ಒಂದು ಮೆತ್ತೆ, ಕೊಕ್ಕೆಯ ಜಾಗ ಬದಲಾವಣೆ, ಆಡುವ ಅಡ್ಡಮರ, ಸರಿಯುವ ಆಸನ. ತಟ್ಟಿನ ಅಳತೆಯ ಕಡಿವಾಣ, ಅಗಲದ ಎದೆಪಟ್ಟಿ, ಹಿಂಪಟ್ಟಿ ಇವನ್ನು ಮಾತ್ರ ಕೊಳ್ಳಬೇಕಾಗಬಹುದು. ಟಾಂಗಾ ಮೈಸೂರಿನ ಪರಂಪರೆ ಎಂದು ಸರ್ಕಾರವೇ ಸಾರುತ್ತದೆ, ಪ್ರವಾಸಿಗರಿಗೆ ತೋರಿಸುತ್ತದೆ. ಅಂದಮೇಲೆ ಆ ಪರಂಪರೆಯನ್ನು ಮೈಮೇಲೆ ಹೊತ್ತಿರುವ ಪ್ರಾಣಿಯ ಸಜ್ಜಿಗೆ ಸಾರ್ವಜನಿಕ ಹಣ ಖರ್ಚಾಗುವುದರಲ್ಲಿ ತಪ್ಪೇನಿದೆ? ಗಾಡಿಗೆ ಬಣ್ಣ ಹೊಡೆಸಲು, ಮೇಲುಹೊದಿಕೆ ಹಾಕಿಸಲು ಬರುವ ಹಣ ಮೊದಲು ಪಟ್ಟಿಗೆ ಹೋಗಲಿ.

ಮೂರನೆಯದು, ಎಲ್ಲಕ್ಕಿಂತ ಗಂಭೀರವಾದದ್ದು, ಕುದುರೆ ಗಾಡಿಯೇ ಬೇಡ ಎನ್ನುವವರ ಆಕ್ಷೇಪ. 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಮುಂಬೈಯಲ್ಲಿ ಮೋಜಿನ ಸವಾರಿಯ ವಿಕ್ಟೋರಿಯಾ ಸಾರೋಟುಗಳು ಕಾನೂನುಬಾಹಿರ ಎಂದು ತೀರ್ಪಿತ್ತು, ಒಂದು ವರ್ಷದೊಳಗೆ ಅವನ್ನು ನಿಲ್ಲಿಸುವಂತೆ ಹೇಳಿತು. ಆಮೇಲೆ ಅಲ್ಲಿ ವಿದ್ಯುತ್ತಿನಲ್ಲಿ ಓಡುವ ಸಾರೋಟುಗಳು ಬಂದವು. ಹಿಂಸೆಯನ್ನು ಚಂದಗೊಳಿಸಿ ಮುಂದುವರಿಸುವುದಕ್ಕಿಂತ ನಿಲ್ಲಿಸುವುದೇ ಮೇಲು ಎಂಬ ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವಾಹನ ದಟ್ಟಣೆಯ ಮಹಾನಗರದ ನಡುವೆ, ಲಾಯವೂ ನೆರಳೂ ಇಲ್ಲದ ಕಡೆ ಕುದುರೆಯನ್ನು ದುಡಿಸುವುದನ್ನು ಎಷ್ಟೇ ಒಳ್ಳೆಯ ಸಜ್ಜೂ ನ್ಯಾಯವಾಗಿಸದು. ಆದರೂ ಎರಡು ಸಂಗತಿಗಳನ್ನು ಅವರ ಮುಂದಿಡಬೇಕು. ನಿಷೇಧ ಬೇಕೆಂದು ಹೋರಾಡುವಷ್ಟು ಕಾಲವೂ ಕುದುರೆಗಳು ಬೀದಿಯಲ್ಲಿರುತ್ತವೆ. ಈ ಹೊತ್ತಿನ ಕುದುರೆಗೆ ನಾಳೆಯ ತೀರ್ಪು ಮೆತ್ತೆಯಾಗದು. ಇನ್ನು, ಟಾಂಗಾ ನಿಂತರೆ ಕುದುರೆಯ ದುಡಿಮೆ ನಿಲ್ಲುತ್ತದೆಂದು ಹೇಳುವಂತಿಲ್ಲ. ಮದುವೆಯ ಸಾರೋಟು, ಸರಕಿನ ಬಂಡಿ, ಉತ್ತರ ಭಾರತದ ಇಟ್ಟಿಗೆ ಗೂಡುಗಳು ಇವೆಲ್ಲ ಪ್ರವಾಸಿಗಳ ಕಣ್ಣಿಗೆ ಬೀಳದ ಜಾಗಗಳು. ಅರಮನೆಯ ಮುಂದೆ, ನೂರು ಜನರ ಎದುರಿಗೆ ನಿಂತ ಕುದುರೆಯ ಸಜ್ಜನ್ನೇ ಸರಿಪಡಿಸದ ವ್ಯವಸ್ಥೆ ಇಟ್ಟಿಗೆ ಗೂಡಿನ ಕುದುರೆಯನ್ನು ಕಾಯುತ್ತದೆಯೇ? ಅಳತೆಯ ನಿಯಮವನ್ನು ಇಲ್ಲಿ ಗಟ್ಟಿ ಮಾಡಿದರೆ ಅಲ್ಲಿಗೂ ಅದನ್ನು ಒಯ್ಯಬಹುದು. ಒಳ್ಳೆಯ ತಪಾಸಣೆ ನಿಷೇಧದ ಹಾದಿಗೂ ಅಡ್ಡವಾಗುವುದಿಲ್ಲ. ಎಷ್ಟು ಗಾಡಿಗಳು ಅಳತೆಗೆ ಹೊಂದುತ್ತವೆ, ಎಷ್ಟು ಹೊಂದುವುದಿಲ್ಲ ಎಂಬ ದಾಖಲೆ ಇದ್ದರೆ ಅವರ ವಾದಕ್ಕೂ ಆಧಾರ ಸಿಗುತ್ತದೆ.

ಯಾರು ತಪಾಸಣೆ ಮಾಡಬೇಕು, ಅಷ್ಟು ತಿಳಿದವರು ಎಲ್ಲಿದ್ದಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಬೇಕಾದ ತಿಳಿವಳಿಕೆ ಅಂಥ ದೊಡ್ಡದೇನಲ್ಲ. ಜನ ಕೂತ ಗಾಡಿಯ ತೋಳನ್ನು ಎತ್ತಿ ನೋಡುವುದು. ಪಕ್ಕದಿಂದ ನಿಂತು ಅದು ನೆಲಕ್ಕೆ ಸಮವಿದೆಯೇ ಎಂದು ನೋಡುವುದು. ಜೀನಿನ ಅಡಿ ಬೆನ್ನೆಲುಬಿನ ಮೇಲೆ ಬೆಳಕು ಹಾಯುತ್ತದೆಯೇ, ಬೆರಳು ತೂರುತ್ತದೆಯೇ ಎಂದು ಪರೀಕ್ಷಿಸುವುದು. ಎದೆಪಟ್ಟಿಯ ಮೇಲಂಚು ಶ್ವಾಸನಾಳದ ಕುಳಿಗಿಂತ ಕೆಳಗೆ, ಕೆಳಂಚು ಹೆಗಲ ಕೀಲಿಗಿಂತ ಮೇಲೆ ಇದೆಯೇ ಎಂದು ಗಮನಿಸುವುದು. ಹಿಂಪಟ್ಟಿಯಲ್ಲಿ ಅಂಗೈ ಇಟ್ಟು ನೋಡುವುದು. ಸಜ್ಜು ಬಿಚ್ಚಿಸಿ ಪಟ್ಟಿಗಳ ಜಾಗದ ಚರ್ಮವನ್ನು ಕೈಯಿಂದ ಸವರುವುದು. ಬಾಯಿ ತೆರೆಸಿ ಮೂಲೆಗಳನ್ನು ನೋಡುವುದು. ಪಶುವೈದ್ಯರಿಗೆ ಇದರಲ್ಲಿ ಹೊಸದೇನೂ ಇಲ್ಲ, ಅವರು ತರಬೇತಿ ಕೊಟ್ಟರೆ ಪಶು ಪರೀಕ್ಷಕರೂ ಮಾಡಬಲ್ಲರು. ಒಂದು ಕುದುರೆಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯಬಹುದು. ಪರವಾನಗಿಯ ಪತ್ರದಲ್ಲಿ ಗಾಡಿಯ ಸಂಖ್ಯೆಯ ಜೊತೆಗೆ ಕುದುರೆಯ ಎತ್ತರವೂ ದಾಖಲಾಗಬೇಕು. ಕುದುರೆ ಬದಲಾದರೆ ತಪಾಸಣೆ ಮತ್ತೆ ಆಗಬೇಕು, ಏಕೆಂದರೆ ಹಳೆಯ ಕುದುರೆಗೆ ಹೊಂದಿದ್ದ ಗಾಡಿ ಹೊಸದಕ್ಕೂ ಹೊಂದುತ್ತದೆಂಬ ಖಾತರಿ ಇಲ್ಲ.

ಇದನ್ನು ಶುರು ಮಾಡಲು ಮೈಸೂರಿಗಿಂತ ಒಳ್ಳೆಯ ಜಾಗ ಇಲ್ಲ, ದಸರೆಗಿಂತ ಒಳ್ಳೆಯ ಸಮಯವೂ ಇಲ್ಲ. ಹಬ್ಬದ ದಿನಗಳಲ್ಲಿ ಪುರಾತತ್ವ ಮತ್ತು ಪರಂಪರೆ ಇಲಾಖೆ ಪಾರಂಪರಿಕ ಟಾಂಗಾ ಸವಾರಿ ನಡೆಸುತ್ತ ಬಂದಿದೆ; ದಂಪತಿಗಳು ಪೇಟ, ರೇಷ್ಮೆ ಸೀರೆ ತೊಟ್ಟು ಹಳೆಯ ಕಟ್ಟಡಗಳ ಮುಂದೆ ಸಾಗುತ್ತಾರೆ. ಆ ಸವಾರಿಗೆ ಬರುವ ಪ್ರತಿ ಟಾಂಗಾವನ್ನೂ ಎರಡು ವಾರ ಮೊದಲೇ ಕರೆಸಿ, ಒಬ್ಬ ಪಶುವೈದ್ಯ, ಒಬ್ಬ ಚರ್ಮದ ಕೆಲಸಗಾರ, ಒಬ್ಬ ಬೆಸುಗೆಯವನನ್ನು ಒಂದೇ ಕಡೆ ಕೂರಿಸಿ, ಹೊಂದದ ಪಟ್ಟಿಯನ್ನು, ತಪ್ಪಿದ ಕೊಕ್ಕೆಯನ್ನು, ಅಲುಗದ ಆಸನವನ್ನು ಸರ್ಕಾರದ ಖರ್ಚಿನಲ್ಲೇ ಸರಿಪಡಿಸಿಕೊಡಲಿ. ಎರಡು ವಾರ ಏಕೆಂದರೆ ಪಟ್ಟಿಯಡಿ ಆದ ಗಾಯ ಒಣಗಲು ಆ ಕುದುರೆಗೆ ಅಷ್ಟಾದರೂ ಬಿಡುವು ಬೇಕು. ಒಣಗದಿದ್ದರೆ ಆ ವರ್ಷದ ಸವಾರಿಗೆ ಅದು ಬರಬಾರದು, ಅದರ ಮಾಲೀಕನಿಗೆ ಆ ದಿನಗಳ ಗಳಿಕೆಯನ್ನು ಇಲಾಖೆಯೇ ಕೊಡಬೇಕು.